ಯಂತ್ರಕ್ಕೆ ಬಿಡುವಿದೆ, ನಿಮಗಿಲ್ಲ

ಪ್ರಶ್ನೆ: ಮೇಡಂ, ಸುಂಟಿಕೊಪ್ಪದ ಹತ್ತಿರ ನಮಗೆ ನಾಲ್ಕು ಎಕರೆ ರೊಬಸ್ಟಾ ತೋಟವಿದೆ. ಕೆಲವು ವರ್ಷಗಳಿಂದ ಮನೆ ಪಕ್ಕದ ಶೆಡ್ಡಿನಲ್ಲಿ ಬೀಜ ಹುರಿದು, ಕಾಫಿ ಪುಡಿ ಮಾಡಿ ಮಾರುತ್ತಿದ್ದೇನೆ. ಒಂದು ಸಲಕ್ಕೆ 3 ಕೆ.ಜಿ. ಹುರಿಯುವ ಯಂತ್ರವಿದೆ. ತಿಂಗಳಿಗೆ 120 ಕೆ.ಜಿ. ಪುಡಿ ಹೋಗುತ್ತದೆ, ದರ ಕೆ.ಜಿ.ಗೆ 700 ರೂಪಾಯಿ. ಪ್ಯಾಕಿಂಗ್‌ಗೆ ಇಬ್ಬರು ಹೆಂಗಸರು ಬರುತ್ತಾರೆ. ಹುರಿಯುವುದು, ಲೆಕ್ಕ, ಫೋನು, ಅಂಗಡಿಗೆ ತಲುಪಿಸುವುದು ಎಲ್ಲವೂ ನನ್ನದೇ. ಈಗ 40 ಕೆ.ಜಿ. ಕೊಳ್ಳುತ್ತಿರುವ ಒಂದು ರೆಸಾರ್ಟಿನವರು ಇನ್ನೂ 300 ಕೆ.ಜಿ. ಕೇಳುತ್ತಿದ್ದಾರೆ. ಅದರಲ್ಲಿ ಸ್ವಲ್ಪ ಭಾಗವನ್ನು ವಯನಾಡಿನಲ್ಲಿರುವ ಅವರ ಇನ್ನೊಂದು ಹೋಟೆಲಿಗೆ ಕಳುಹಿಸಬೇಕಂತೆ. ಅವರಿಂದ ಮೂರು ತಿಂಗಳ ಬಾಕಿ ಬರಬೇಕಿದೆ. 15 ಕೆ.ಜಿ. ಯಂತ್ರಕ್ಕೆ 8 ಲಕ್ಷ ಸಾಲ ಮಾಡಲೇ? ಸಹಾಯಧನ ಸಿಗುತ್ತದೆ ಎಂದು ಯಂತ್ರ ಮಾರುವವರು ಹೇಳುತ್ತಾರೆ. ಕಳೆದ ಮಳೆಗಾಲದಲ್ಲಿ ನಾನು ಜ್ವರದಿಂದ ಮಲಗಿದಾಗ ಶೆಡ್ಡಿನ ಬಾಗಿಲೇ ತೆರೆಯಲಿಲ್ಲ. ಯಜಮಾನರು ‘ಇಷ್ಟು ಸಾಕು’ ಎನ್ನುತ್ತಾರೆ.
– ಹೆಸರು ಬೇಡ

ಉತ್ತರ: ಎಲ್ಲರ ಕಣ್ಣೂ ಯಂತ್ರದ ಮೇಲಿರುವುದರಿಂದ ಮೊದಲು ಅದನ್ನೇ ನೋಡೋಣ. ಹುರಿದಾಗ ಬೀಜದ ತೂಕ ಶೇ 15ರಿಂದ 20ರಷ್ಟು ಇಳಿಯುತ್ತದೆ ಎಂದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ನಿಮ್ಮ 120 ಕೆ.ಜಿ. ಪುಡಿಗೆ ಸುಮಾರು 145 ಕೆ.ಜಿ. ಬೀಜ ಬೇಕು. ಮೂರು ಮೂರು ಕೆ.ಜಿ.ಯಂತೆ ಹಾಕಿದರೆ 48 ಸಲ. ಕಾಯಿಸುವುದು, ತಣಿಸುವುದು ಸೇರಿ ಗಂಟೆಗೆ ಎರಡು ಸಲವೆಂದು ಹಿಡಿದರೆ 24 ಗಂಟೆ. ದಿನಕ್ಕಲ್ಲ, ತಿಂಗಳಿಗೆ! ಉಳಿದ ಹೊತ್ತೆಲ್ಲ ಅದು ಸುಮ್ಮನೆ ನಿಂತಿರುತ್ತದೆ. ರೆಸಾರ್ಟಿನವರು ಕೇಳಿದ್ದನ್ನೂ ಸೇರಿಸಿ 420 ಕೆ.ಜಿ. ಮಾಡಿದರೂ ತಿಂಗಳಿಗೆ 85 ಗಂಟೆಯ ಕೆಲಸ. ವಾರಕ್ಕೊಂದು ರಜೆ ಬಿಟ್ಟು ದಿನಕ್ಕೆ ಮೂರೂಕಾಲು ಗಂಟೆ. ಈ ಸಣ್ಣ ಲೆಕ್ಕವನ್ನು ಯಂತ್ರ ಮಾರುವವರು ಹಾಕಿ ತೋರಿಸುವುದಿಲ್ಲ. ಅದು ಅವರ ಕೆಲಸವೂ ಅಲ್ಲ.

ಹಾಗಾದರೆ ಅಡಚಣೆ ಇರುವುದು ಎಲ್ಲಿ? ನಿಮ್ಮ ಪತ್ರದಲ್ಲೇ ಉತ್ತರವಿದೆ. ನೀವು ಮಲಗಿದರೆ ಶೆಡ್ಡೂ ಮಲಗುತ್ತದೆ. ಬ್ಯಾಂಕಿನ ಸಾಲದ ಮೇಜಿನ ಆಚೆ ಬದಿಯಲ್ಲಿ ಕುಳಿತು ಮೂವತ್ತು ವರ್ಷ ಅರ್ಜಿ ಓದಿದವಳು ನಾನು. ಒಬ್ಬರೇ ಎಲ್ಲ ಮಾಡುವ ಉದ್ಯಮ ಎಂದು ಕಂಡರೆ ಯಂತ್ರದ ಕೊಟೇಶನ್‌ ತೆಗೆದು ಪಕ್ಕಕ್ಕಿಟ್ಟು, ‘ನಿಮಗೆ ಹುಷಾರಿಲ್ಲದಾಗ ಯಾರು ನೋಡಿಕೊಳ್ಳುತ್ತಾರೆ?’ ಎಂದು ಕೇಳುತ್ತಿದ್ದೆ. ಕೆಲವರಿಗೆ ಸಿಟ್ಟು ಬರುತ್ತಿತ್ತು.

ಪ್ಯಾಕಿಂಗ್‌ಗೆ ಬರುವ ಇಬ್ಬರಲ್ಲಿ ಮೂಗು ಚುರುಕಿರುವವರು ಯಾರೆಂದು ನಿಮಗೆ ಈಗಾಗಲೇ ಗೊತ್ತಿರುತ್ತದೆ. ಅವರಿಗೆ ಹುರಿಯಲು ಕಲಿಸಿ. ನಿಮ್ಮ ಕೈಯಲ್ಲಿರುವ ಹದ ನೋಟ್‌ಬುಕ್ಕಿಗೆ ಇಳಿಯಬೇಕು: ಯಾವ ದಿನ, ಯಾವ ಚೀಲದ ಬೀಜ, ಹಾಕಿದ ತೂಕ, ಚಟಪಟ ಶುರುವಾದ ನಿಮಿಷ, ಹೊರಗೆ ಸುರಿದ ನಿಮಿಷ, ತಣಿದ ಮೇಲಿನ ತೂಕ. ಪ್ರತಿ ಸಲದ್ದೂ ಒಂದು ಹಿಡಿ ಬೀಜವನ್ನು ತಾರೀಖು ಅಂಟಿಸಿದ ಸಣ್ಣ ಬಾಟಲಿಯಲ್ಲಿ ಹಾಕಿ ಕಿಟಕಿ ಪಕ್ಕ ಸಾಲಾಗಿ ಇಡಿ. ಬಣ್ಣ ತಪ್ಪಿದ್ದು ಹತ್ತು ಅಡಿ ದೂರದಿಂದಲೇ ಕಾಣುತ್ತದೆ. ಮೂರು ಕೆ.ಜಿ. ಹಾಕಿದ್ದಕ್ಕೆ ಒಂದು ದಿನ ಎರಡೂವರೆ, ಇನ್ನೊಂದು ದಿನ ಎರಡು ಕೆ.ಜಿ. ಮುನ್ನೂರು ಗ್ರಾಂ ಬಂದಿದ್ದರೆ, ಆ ಇನ್ನೂರು ಗ್ರಾಮಿನ ದುಡ್ಡು ಚಿಮಣಿಯಲ್ಲಿ ಹೋಯಿತು ಎಂದು ಆ ಪುಸ್ತಕವೇ ಹೇಳುತ್ತದೆ. ಕಲಿತವರಿಗೆ ಕೂಲಿ ಹೆಚ್ಚು ಮಾಡಿ. ‘ಕಲಿಸಿದರೆ ಬಿಟ್ಟುಹೋಗಿ ತಾವೇ ಅಂಗಡಿ ಹಾಕುತ್ತಾರೆ’ ಎಂಬ ಭಯ ಈ ಅಂಕಣಕ್ಕೆ ಬರುವ ಅರ್ಧ ಪತ್ರಗಳಲ್ಲಿ ಇರುತ್ತದೆ. ಹೋಗಬಹುದು. ಕಲಿಸದೆ ಇಟ್ಟುಕೊಂಡವರೂ ಹೋಗುತ್ತಾರಲ್ಲ.

ನೀವೂ ಕಲಿಯಿರಿ. ಕಾಫಿ ಮಂಡಳಿ ಬೆಂಗಳೂರಿನಲ್ಲಿ ‘ಕಾಪಿ ಶಾಸ್ತ್ರ’ ಎಂಬ ತರಬೇತಿ ನಡೆಸುತ್ತದೆ. ಹುರಿಯುವುದು, ರುಚಿ ನೋಡಿ ಗುಣ ಹೇಳುವುದು ಎರಡೂ ಅದರಲ್ಲಿವೆ. ಲೆಕ್ಕಪತ್ರ, ಮಾರಾಟ ಕಲಿಯಲು ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳಿವೆ. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್‌ ಮಾದರಿಯವು, ಊಟ ವಸತಿ ಸೇರಿ ಉಚಿತ. ನೀವು ತರಬೇತಿಗೆ ಹೋದ ದಿನಗಳಲ್ಲಿ ಶೆಡ್ಡು ನಡೆಯಿತೇ ಎಂಬುದೂ ಒಂದು ಪರೀಕ್ಷೆಯಾಗುತ್ತದೆ.

ಇನ್ನು ಹಣ. ರೆಸಾರ್ಟಿನ ಈಗಿನ ಬಾಕಿ 84,000 ರೂಪಾಯಿ. ಹೊಸ ಬೇಡಿಕೆಗೂ ಅವರು ಇದೇ ಚಾಳಿ ಮುಂದುವರಿಸಿದರೆ 900 ಕೆ.ಜಿ. ಪುಡಿ ಸದಾ ಅವರ ಖಾತೆಯಲ್ಲಿ ಕುಳಿತಿರುತ್ತದೆ. ಬೀಜಕ್ಕೆ ಕೆ.ಜಿ.ಗೆ 450 ರೂಪಾಯಿ ಎಂದಿಟ್ಟುಕೊಳ್ಳಿ, ಬೀಜದ ಬಾಬ್ತೇ 4.9 ಲಕ್ಷ. ಅಷ್ಟನ್ನು ಬಡ್ಡಿಯಿಲ್ಲದೆ ರೆಸಾರ್ಟಿಗೆ ಸಾಲ ಕೊಟ್ಟು, ನೀವು ಬಡ್ಡಿಗೆ 8 ಲಕ್ಷ ತರುತ್ತೀರಿ. ನಮ್ಮ ಕೊಡಗು ಜಿಲ್ಲೆಯಲ್ಲಿ ‘ಕಾಫಿ ಮಾರಿದ ಮೇಲೆ ಕೊಡುತ್ತೇನೆ’ ಎಂಬ ಮಾತಿಗೆ ಮರ್ಯಾದೆ ಇದೆ, ಬೆಳೆಗಾರನಿಗೆ ವರ್ಷಕ್ಕೊಮ್ಮೆಯೇ ದುಡ್ಡು ಕಾಣುವುದು. ರೆಸಾರ್ಟಿಗೆ ಯಾವ ಕೊಯ್ಲು? ಅವರ ಅತಿಥಿಗಳು ಕೋಣೆ ಬಿಡುವ ಮೊದಲೇ ಹಣ ಕೊಟ್ಟಿರುತ್ತಾರೆ.

ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ದಿಮೆಗಳಿಗೆ ಇರುವ ಸರ್ಕಾರಿ ನೋಂದಣಿ, ಆಗಿದೆಯೇ? 2020ರ ಜುಲೈನಿಂದ ಇದೆ, ಆಧಾರ್‌ ಮತ್ತು ಪ್ಯಾನ್ ಇದ್ದರೆ ಸಾಕು, ಶುಲ್ಕವಿಲ್ಲ. ಮಾಡಿಸಿಕೊಡುತ್ತೇವೆಂದು ದುಡ್ಡು ಕೇಳುವವರ ಬಳಿ ಹೋಗಬೇಡಿ. ನೋಂದಣಿಯಾದ ಕಿರು ಉದ್ಯಮಕ್ಕೆ ಬರಬೇಕಾದ ಹಣವನ್ನು ಒಪ್ಪಂದವಿದ್ದರೂ 45 ದಿನದೊಳಗೆ ಕೊಡಬೇಕೆಂದು 2006ರ ಕಾಯ್ದೆ ಹೇಳುತ್ತದೆ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ಚಕ್ರಬಡ್ಡಿ. 2024ರ ಏಪ್ರಿಲ್‌ನಿಂದ ಇನ್ನೊಂದು ಬಿಸಿ ಮುಟ್ಟಿದೆ: ಹೀಗೆ ಬಾಕಿ ಉಳಿಸಿಕೊಂಡ ಮೊತ್ತವನ್ನು, ನಿಜವಾಗಿ ಪಾವತಿಸುವವರೆಗೆ, ಕೊಂಡವರು ಆದಾಯ ತೆರಿಗೆಯಲ್ಲಿ ಖರ್ಚೆಂದು ತೋರಿಸುವಂತಿಲ್ಲ. ರೆಸಾರ್ಟಿನ ಮ್ಯಾನೇಜರಿಗೆ ಇದು ಗೊತ್ತಿಲ್ಲದಿದ್ದರೂ ಅವರ ಆಡಿಟರಿಗೆ ಗೊತ್ತು. ಕಾಯ್ದೆ ಹಿಡಿದು ಜಗಳಕ್ಕೆ ಹೋಗಿ ಎನ್ನುತ್ತಿಲ್ಲ. ಬಿಲ್ಲಿನ ಮೇಲೆ ಉದ್ಯಮ್ ಸಂಖ್ಯೆ ಹಾಕಿ, ಅಷ್ಟೇ. ನಂತರ ಒಂದು ಪುಟದ ಪತ್ರ ಕೊಡಿ: ಹಳೆಯ ಬಾಕಿ ತೀರಿದ ಮೇಲೆ ತಿಂಗಳಿಗೆ 80 ಕೆ.ಜಿ., 30 ದಿನದಲ್ಲಿ ಹಣ. ಮೂರು ತಿಂಗಳು ಹೀಗೆ ನಡೆದರೆ ಪ್ರಮಾಣ ಹೆಚ್ಚಿಸುತ್ತೇನೆ ಎಂದು. ಒಪ್ಪದಿದ್ದರೆ ಅವರಿಗೆ ನೀವು ಬೇಕಾಗಿದ್ದುದು ಕಾಫಿಗಲ್ಲ, ಸಾಲಕ್ಕೆ.

420ರಲ್ಲಿ 340 ಕೆ.ಜಿ. ಒಬ್ಬರಿಗೇ ಹೋಗುವುದೂ ನನಗೆ ಸರಿಕಾಣುವುದಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಅವರ ಕೋಣೆಗಳು ಎಷ್ಟು ತುಂಬುತ್ತವೆ ಎಂದು ಕೇಳಿ ನೋಡಿ. 2018ರ ಆಗಸ್ಟ್ ತಿಂಗಳ ಮಳೆ, ಭೂಕುಸಿತ ಮರೆತವರು ನಮ್ಮಲ್ಲಿ ಯಾರೂ ಇಲ್ಲ. ಪ್ರವಾಸಿಗರು ನಿಂತರೆ ಪುಡಿಯೂ ನಿಲ್ಲುತ್ತದೆ, ಕಂತು ಮಾತ್ರ ನಿಲ್ಲುವುದಿಲ್ಲ. ವರ್ಷಕ್ಕೆ ಆರು ಟನ್ ಬೀಜ ನಿಮ್ಮ ನಾಲ್ಕು ಎಕರೆಯಿಂದ ಬಾರದು. ಕೊಯ್ಲಿನ ಹೊತ್ತಿನಲ್ಲಿ ಹೊರಗೆ ಕೊಂಡು ಇಟ್ಟುಕೊಳ್ಳಬೇಕು, ಮಳೆಗಾಲದ ತೇವದಿಂದ ಕಾಪಾಡಬೇಕು. ಮುಂದೆ ಸಾಲ ಬೇಕಾದರೆ ಈ ದುಡಿಯುವ ಬಂಡವಾಳಕ್ಕೆ ಮತ್ತು ಒಂದು ಒಳ್ಳೆಯ ದಾಸ್ತಾನು ಕೋಣೆಗೆ ಕೇಳಿ. ಸ್ವಂತ ತೋಟದ ಬೀಜವನ್ನೂ ಆ ವಾರದ ಮಾರುಕಟ್ಟೆ ದರದಲ್ಲಿ ಕೊಂಡಂತೆ ಬರೆಯಿರಿ, ನಿಮ್ಮ ಸಂಬಳವನ್ನೂ ಬರೆಯಿರಿ. ಆಮೇಲೂ 700 ರೂಪಾಯಿಯಲ್ಲಿ ಏನಾದರೂ ಉಳಿದರೆ ಅದು ಲಾಭ. ಆ ಹಾಳೆಯನ್ನು ಯಜಮಾನರ ಮುಂದಿಡಿ. ‘ಇಷ್ಟು ಸಾಕು’ ಎನ್ನುವವರು ಎಷ್ಟೋ ಸಲ ಲೆಕ್ಕ ಕಾಣದೆ ಹೆದರಿದವರು.

ತೆರಿಗೆಯ ಮಾತು ಎರಡು. 420 ಕೆ.ಜಿ. ಆದರೆ ವರ್ಷದ ವಹಿವಾಟು 35 ಲಕ್ಷ ದಾಟುತ್ತದೆ; ಸರಕು ಮಾರುವವರಿಗೆ ಜಿಎಸ್‌ಟಿ ನೋಂದಣಿಯ ಮಿತಿ 40 ಲಕ್ಷ. ಆದರೆ ವಯನಾಡಿಗೆ ನೀವೇ ಬಿಲ್ ಮಾಡಿ ಕಳುಹಿಸಿದರೆ ಅದು ಹೊರರಾಜ್ಯದ ಮಾರಾಟ, ಮಿತಿ ಲೆಕ್ಕಕ್ಕಿಲ್ಲ, ಮೊದಲ ಪೊಟ್ಟಣಕ್ಕೇ ನೋಂದಣಿ ಬೇಕು. ಸದ್ಯಕ್ಕೆ ಮಾಕುಟ್ಟ, ಕುಟ್ಟದ ಗಡಿ ದಾಟಬೇಡಿ.

ಸಹಾಯಧನ? ಕಿರು ಆಹಾರ ಸಂಸ್ಕರಣೆಗೆಂದು ಕೇಂದ್ರ 2020ರಲ್ಲಿ ತಂದ ಯೋಜನೆಯಲ್ಲಿ ಯೋಜನಾ ವೆಚ್ಚದ ಶೇ 35, ಗರಿಷ್ಠ 10 ಲಕ್ಷ ಎಂದು ಇಟ್ಟಿದ್ದರು. ಅದು ನಿಮ್ಮ ಕೈಗೆ ಬರುವುದಿಲ್ಲ. ಬ್ಯಾಂಕಿನಲ್ಲೇ ಬೇರೆ ಖಾತೆಯಲ್ಲಿದ್ದು, ಮೂರು ವರ್ಷ ಕಂತು ತಪ್ಪದಿದ್ದರೆ ಸಾಲಕ್ಕೆ ಜಮೆಯಾಗುತ್ತದೆ. ಬೇಡದ ಯಂತ್ರ ಶೇ 35 ಅಗ್ಗವಾಗಿ ಸಿಕ್ಕಿದರೂ ಬೇಡದ ಯಂತ್ರವೇ.

ಪ್ರಶ್ನೆ: ವಿರಾಜಪೇಟೆಯಲ್ಲಿ ದ್ವಿಚಕ್ರ ವಾಹನ ರಿಪೇರಿ ಅಂಗಡಿ ಇಟ್ಟಿದ್ದೇನೆ. ದಿನಕ್ಕೆ ಮೂರು ಸಾವಿರ ವ್ಯಾಪಾರವಿದೆ. ಮುದ್ರಾ ಸಾಲ ಕೇಳಿದರೆ ಬ್ಯಾಂಕಿನವರು ‘ವಹಿವಾಟೇ ಕಾಣುತ್ತಿಲ್ಲ’ ಎನ್ನುತ್ತಾರೆ. ಮೊಬೈಲ್ ಪಾವತಿ ತಮ್ಮನ ಖಾತೆಗೆ ಹೋಗುತ್ತದೆ. ಏನು ಮಾಡಲಿ?
– ಓದುಗ, ವಿರಾಜಪೇಟೆ

ಉತ್ತರ: ಬ್ಯಾಂಕಿನವರು ನಿಜವನ್ನೇ ಹೇಳಿದ್ದಾರೆ. ಅವರಿಗೆ ಕಾಣುತ್ತಿರುವುದು ನಿಮ್ಮ ತಮ್ಮನ ವ್ಯಾಪಾರ. ಇದೇ ವಾರ ಅಂಗಡಿಯ ಹೆಸರಿನಲ್ಲಿ ಚಾಲ್ತಿ ಖಾತೆ ತೆರೆದು, ಗೋಡೆಯ ಮೇಲಿನ ಕ್ಯೂಆರ್ ಹಾಳೆ ಬದಲಿಸಿ. ನಗದನ್ನೂ ವಾರಕ್ಕೊಮ್ಮೆ ಕಟ್ಟಿ, ಬಿಡಿಭಾಗದ ಬಿಲ್ಲು ಅದೇ ಖಾತೆಯಿಂದ ಕೊಡಿ. ಆರು ತಿಂಗಳಾದ ಮೇಲೆ ಸ್ಟೇಟ್‌ಮೆಂಟ್‌ ಹಿಡಿದು ಅದೇ ಶಾಖೆಗೆ ಹೋಗಿ. ಮುದ್ರಾದಲ್ಲಿ 50,000ದವರೆಗೆ ಶಿಶು, ಅದರ ಮೇಲೆ 5 ಲಕ್ಷದವರೆಗೆ ಕಿಶೋರ. ಎರಡಕ್ಕೂ ಆಸ್ತಿ ಅಡವಿಡಬೇಕಿಲ್ಲ. ಯಾವುದಕ್ಕೆ ಸಾಲ ಎಂದು ನೀವು ಬರೆದಿಲ್ಲ. ಬ್ಯಾಂಕಿನಲ್ಲಿ ಕೇಳುವ ಮೊದಲ ಪ್ರಶ್ನೆಯೂ ಅದೇ, ಯೋಚಿಸಿಕೊಂಡು ಹೋಗಿ. ತಮ್ಮನಿಗೆ ಮೊದಲೇ ತಿಳಿಸಿ.