ಆಗಸ್ಟಿನ ಒಂದು ಎಣಿಕೆ ಸಾಲದು

ಪ್ರಿಯ ಮಿತ್ರರೇ,

ಅಘನಾಶಿನಿ ಅಳಿವೆಯ ಕೆಸರುಹುಳುಗಳ ಬಗ್ಗೆ ನೀವು ಕಳಿಸಿದ ಲೇಖನವನ್ನು ನಿಧಾನವಾಗಿ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಆದರೆ ಕೈಬಿಡಬೇಡಿ. ಈ ಹುಳುಗಳ ಬಗ್ಗೆ ಕನ್ನಡದಲ್ಲಿ ಬರೆಯುವವರು ತೀರ ಕಡಿಮೆ, ನೀವಾದರೋ ಕೆಸರಿಗಿಳಿದು ನೋಡಿದವರು.

ತದಡಿಯ ಹತ್ತಿರ ಆಗಸ್ಟಿನ ಇಳಿತದಲ್ಲಿ ಅಗೆದಾಗ ಬೆರಳೆಣಿಕೆಯಷ್ಟೇ ಹುಳು ಸಿಕ್ಕವು, ಹಾಗಾಗಿ ಮಾಲಿನ್ಯ ಅವನ್ನು ಮುಗಿಸುತ್ತಿದೆ ಎಂದು ಬರೆದಿದ್ದೀರಿ. ಲೇಖನ ಎಡವಿರುವುದು ಇಲ್ಲೇ. ಅಘನಾಶಿನಿಗೆ ದೊಡ್ಡ ಅಣೆಕಟ್ಟಿಲ್ಲ. ಜೂನ್‌ನಿಂದ ಘಟ್ಟದ ಮಳೆನೀರೆಲ್ಲ ನೇರವಾಗಿ ಅಳಿವೆಗೆ ನುಗ್ಗುತ್ತದೆ. ಕಡಲನೀರಿನಲ್ಲಿ ಸಾವಿರಕ್ಕೆ ಸುಮಾರು 35ರಷ್ಟಿರುವ ಉಪ್ಪಿನಂಶ ಅಳಿವೆಯಲ್ಲಿ ತೀರ ಕೆಳಗಿಳಿಯುತ್ತದೆ, ಮೇಲ್ಪದರದ ಕೆಸರೂ ಕೊಚ್ಚಿಹೋಗುತ್ತದೆ. ತಡೆದುಕೊಳ್ಳಲಾಗದ ಹುಳುಗಳು ಸಾಯುತ್ತವೆ. ಮಳೆ ನಿಂತು ಉಪ್ಪು ಮರಳಿದಾಗ ಭರತದ ನೀರಿನೊಂದಿಗೆ ತೇಲಿಬಂದ ಮರಿಗಳು ಕೆಸರಿನಲ್ಲಿ ನೆಲೆಯೂರುತ್ತವೆ. ನಮ್ಮ ಪಶ್ಚಿಮ ಕರಾವಳಿಯ ಅಳಿವೆಗಳಲ್ಲಿ ಸಾಮಾನ್ಯವಾಗಿ ಹುಳುಗಳ ಸಂಖ್ಯೆ ಏರುವುದು ಬೇಸಿಗೆಯಲ್ಲಿ, ಕುಸಿಯುವುದು ಮಳೆಗಾಲದಲ್ಲಿ. ಆಗಸ್ಟಿನಲ್ಲಿ ನಿಮ್ಮ ಕೈಗೆ ಸಿಕ್ಕಿದ್ದು ಆ ಕುಸಿತ. ಅದರ ಹಿಂದೆ ಮಾಲಿನ್ಯವೂ ಇರಬಹುದು, ಆದರೆ ಒಂದೇ ಎಣಿಕೆಯಿಂದ ಎರಡನ್ನೂ ಬೇರ್ಪಡಿಸಲಾಗದು.

ಇದಕ್ಕೆ ಎದುರಾದ ತಪ್ಪು ಕೊನೆಯ ಪುಟದಲ್ಲಿದೆ: ‘ಹುಳು ಹೆಚ್ಚಿದ್ದಷ್ಟೂ ಕೆಸರು ಆರೋಗ್ಯಕರ’. 1969ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನ ವೆಸ್ಟ್ ಫಾಲ್ಮತ್ ಬಳಿ ಬಾರ್ಜ್ ಎಂಬ ಚಪ್ಪಟೆ ತಳದ ಸರಕುದೋಣಿಯೊಂದರಿಂದ ತೈಲ ಸೋರಿ ಕೆಸರಿನ ಜೀವಿಗಳು ರಾಶಿರಾಶಿಯಾಗಿ ಸತ್ತವು. ಖಾಲಿಯಾದ ಆ ಕೆಸರನ್ನು ಕ್ಯಾಪಿಟೆಲ್ಲಾ ಎಂಬ ಸಣ್ಣ ಹುಳು ತುಂಬಿಕೊಂಡಿತು. ಕೆಲವೇ ವಾರಗಳಲ್ಲಿ ಬೆಳೆದು ಮರಿಹಾಕುವ ಹುಳು ಅದು. ಎಷ್ಟು ಬೇಗ ಏರಿತೋ ಅಷ್ಟೇ ಬೇಗ ಕುಸಿಯಿತು. ಹುಳು ಕಿಕ್ಕಿರಿದಿದ್ದೇ ಅಲ್ಲಿ ಕೆಡುಕಿನ ಗುರುತು. ಇನ್ನೊಂದು ಮಾತು: ಒಂದೇ ಜಾತಿ ಎಂದುಕೊಂಡಿದ್ದ ಈ ಹುಳು ಕನಿಷ್ಠ ಆರು ಜಾತಿ ಎಂದು 1976ರಲ್ಲಿ ಗೊತ್ತಾಯಿತು. ನೀವು ಸಿಕ್ಕಿದ್ದೆಲ್ಲವನ್ನೂ ‘ಕೆಸರುಹುಳು’ ಎಂದು ಒಟ್ಟಿಗೆ ಎಣಿಸಿದ್ದೀರಿ. ಜಾತಿ ತಿಳಿಯದಿದ್ದರೆ ಚಿಂತೆಯಿಲ್ಲ, ಕೊಳವೆ ಕಟ್ಟಿಕೊಂಡವು, ಬೇಟೆಯಾಡುವವು, ಕೆಸರು ತಿನ್ನುವವು ಎಂದಾದರೂ ವಿಂಗಡಿಸಿ.

ವಿಂಗಡಣೆ ಏಕೆಂದರೆ, ಒಂದು ಹುಳುವಿನ ಏರಿಳಿತ ಇನ್ನೊಂದಕ್ಕೆ ಕಟ್ಟಿಕೊಂಡಿರುತ್ತದೆ. ನೆದರ್ಲೆಂಡ್ಸ್‌ನ ವಾಡನ್ ಸಮುದ್ರದಲ್ಲಿ ಬಾಲ್ಖ್‌ಜಾಂಡ್ ಎಂಬ ಕೆಸರು ಬಯಲಿದೆ. ಅಲ್ಲಿ 1970ರ ದಶಕದಿಂದ ಚಳಿಗಾಲದ ಕೊನೆಗೂ ಬೇಸಿಗೆಯ ಕೊನೆಗೂ ಎಣಿಕೆ ನಡೆಯುತ್ತ ಬಂದಿದೆ. ಕಡುಚಳಿಯ ವರ್ಷ ನೆಫ್ಟಿಸ್ ಎಂಬ ಬೇಟೆಗಾರ ಹುಳು ಸಾಯುತ್ತದೆ. ಅದರ ಬಾಯಿಗೆ ಬೀಳುತ್ತಿದ್ದ ಸ್ಕೋಲೊಪ್ಲಾಸ್ ಎಂಬ ಇನ್ನೊಂದು ಹುಳು ಆಗ ಹೆಚ್ಚುತ್ತದೆ. ಒಂದು ವರ್ಷ ಮಾತ್ರ ನೋಡಿದವರಿಗೆ ಇದು ಕಾಣುತ್ತಲೇ ಇರಲಿಲ್ಲ.

ನೀವು ಬಳಸಿದ ಜರಡಿಯ ಕಣ್ಣು ಎಷ್ಟು ಎಂದು ಬರೆದಿಲ್ಲ. ಒಂದು ಮಿಲಿಮೀಟರಿನದಾದರೆ ಎಳೆಯ ಹುಳುಗಳೆಲ್ಲ ಜಾರಿಹೋಗಿರುತ್ತವೆ. ಅರ್ಧ ಮಿಲಿಮೀಟರಿನದು ತನ್ನಿ, ಚಿಕ್ಕವನ್ನೂ ದೊಡ್ಡವನ್ನೂ ಬೇರೆಬೇರೆ ಎಣಿಸಿ. ಹೊಸದಾಗಿ ಎಷ್ಟು ಬಂದವು, ಬಂದವುಗಳಲ್ಲಿ ಎಷ್ಟು ಉಳಿದವು ಎಂಬುದು ಗೊತ್ತಾಗಲು ಬೇರೆ ದಾರಿಯಿಲ್ಲ. ಅದೇ ಜಾಗ, ಅಷ್ಟೇ ಆಳ, ಅಷ್ಟೇ ಅಗಲ. ಅಕ್ಟೋಬರ್, ಜನವರಿ, ಏಪ್ರಿಲ್, ಮತ್ತೆ ಆಗಸ್ಟ್. ಪ್ರತಿ ಸಲ ಉಪ್ಪಿನಂಶವನ್ನೂ ಅಳೆಯಿರಿ.

ಬರವಣಿಗೆಯ ಬಗ್ಗೆ ಹೇಳುವುದು ಕಡಿಮೆ. ಸೂರ್ಯಾಸ್ತವನ್ನು ಬಣ್ಣಿಸುವ ಮೊದಲ ಮೂರು ಪ್ಯಾರಾ ತೆಗೆಯಿರಿ. ಬಳಚು (ತಿನ್ನುವ ಚಿಪ್ಪುಜೀವಿ) ಆರಿಸುವ ಹೆಂಗಸರು ಕೆಸರಿನ ಮೇಲಿನ ತೂತು ನೋಡಿಯೇ ಒಳಗೇನಿದೆ ಎಂದು ಹೇಳುವ ಭಾಗ ಇಡೀ ಲೇಖನದ ಜೀವ. ಅದನ್ನು ನಾಲ್ಕೇ ಸಾಲಿಗೆ ಮುಗಿಸಿಬಿಟ್ಟಿದ್ದೀರಿ. ಯಾವ ತಿಂಗಳು ಯಾವ ಹುಳು ಕಾಣುತ್ತದೆ, ಯಾವ ವರ್ಷ ಕಾಣಲಿಲ್ಲ ಎಂದು ಅವರನ್ನೇ ಕೇಳಿ ವಿವರವಾಗಿ ಬರೆಯಿರಿ.

ಅಕ್ಟೋಬರಿನ ಎಣಿಕೆ ಮುಗಿದ ಕೂಡಲೇ, ಲೇಖನಕ್ಕೆ ಕಾಯದೆ, ಪಟ್ಟಿಯನ್ನಷ್ಟೇ ಕಳಿಸಿ. ಏನು ಬಂತೆಂದು ನೋಡುವ ಆಸೆ ನನಗಿದೆ.

ನಿಮ್ಮ
ಸಂಪಾದಕ