ಮೋಡ ಕವಿದಾಗಲೂ ಹಿಮದ ಕೆರೆ ಕಾಣುತ್ತೆ

"ಆಗುಂಬೆಯಲ್ಲಿ ಮೋಡ ಕವಿದರೆ ಎದುರಿನ ಗುಡ್ಡವೇ ಕಾಣಲ್ಲ, ಹಿಮಾಲಯದ ಕೆರೆ ಉಪಗ್ರಹಕ್ಕೆ ಹೇಗೆ ಕಾಣುತ್ತೆ?" ಅಂತ ಕೇಳಿದ್ದೀರಿ. ಕೆಲವು ಉಪಗ್ರಹಗಳು ಕಳಿಸುವ ರೇಡಾರ್ ಅಲೆಗಳು ಮೋಡವನ್ನು ತೂರಿ ಹೋಗ್ತವೆ ಸರ್, ಕತ್ತಲೆಯಲ್ಲೂ ಕೆಲಸ ಮಾಡ್ತವೆ. ನಿಂತ ನೀರು ಅವನ್ನು ಉಪಗ್ರಹಕ್ಕೆ ವಾಪಸ್ ಬಾರದಂತೆ ಆಚೆ ಜಾರಿಸಿಬಿಡುತ್ತೆ, ಅದಕ್ಕೇ ಚಿತ್ರದಲ್ಲಿ ಕೆರೆ ಕಪ್ಪಗೆ ಕಾಣೋದು (ಗಾಳಿಗೆ ಅಲೆಯೆದ್ದರೆ ಸ್ವಲ್ಪ ಗೊಂದಲ).

ಇಂಥ ಚಿತ್ರಗಳಲ್ಲಿ ನೋಡಿದರೆ, ಹಿಮನದಿ ಕರಗಿ ಆದ ಸಿಕ್ಕಿಂನ ದಕ್ಷಿಣ ಲ್ಹೋನಕ್ ಕೆರೆ 2023ರ ಸೆಪ್ಟೆಂಬರ್ 28ಕ್ಕೆ ಸುಮಾರು 167 ಹೆಕ್ಟೇರ್ ಇತ್ತು. ಅಕ್ಟೋಬರ್ 4ಕ್ಕೆ ಬರೀ 60. ಪಕ್ಕದ ಕಲ್ಲುಮಣ್ಣಿನ ದಿಬ್ಬ ಕುಸಿದು ನೀರಿಗೆ ಬಿತ್ತು, ಎದ್ದ ಅಲೆಗೆ ದಂಡೆ ಒಡೆಯಿತು, ಕೆಳಗೆ ಚುಂಗ್‌ಥಾಂಗ್‌ನ ಅಣೆಕಟ್ಟೇ ಕೊಚ್ಚಿಹೋಯ್ತು. ಎಷ್ಟೊಂದು ಜೀವ ಹೋಯ್ತು.

ಉಪಗ್ರಹ ಹಾದುಹೋಗೋದು ಕೆಲವು ದಿನಕ್ಕೊಮ್ಮೆ. ಕೆರೆ ದಿಢೀರನೆ ಒಡೆಯುವ ಅಂಥ ರಾತ್ರಿಗೆ ದಂಡೆಯಲ್ಲೇ ನೀರಿನ ಮಟ್ಟ ಅಳೆಯುವ ಸಾಧನ, ಕೆಳಗಿನ ಊರುಗಳಲ್ಲಿ ಸೈರನ್ ಇರಲೇಬೇಕು.