ಕೈನೆಸಿನ್ ನಿಜವಾಗ್ಲೂ ನಡೆಯುತ್ತಾ?

ಪ್ರಶ್ನೆ: ವಾಟ್ಸಾಪಲ್ಲಿ ಒಂದು ಆನಿಮೇಷನ್ ವಿಡಿಯೋ ಬಂದಿತ್ತು ಸರ್. ಎರಡು ಕಾಲಿನ ಪ್ರೋಟೀನು ಬಲೂನಿನಂಥ ದೊಡ್ಡ ಚೀಲ ಎಳ್ಕೊಂಡು ಒಂದು ಕೊಳವೆ ಮೇಲೆ ಠಾಕು ಠೀಕಾಗಿ ನಡ್ಕೊಂಡು ಹೋಗುತ್ತೆ. ಇದು ನಿಜಾನಾ, ಬರೀ ಗ್ರಾಫಿಕ್ಸಾ?
— ಪಿಯುಸಿ ವಿದ್ಯಾರ್ಥಿನಿ, ಹಾಸನ

ಉತ್ತರ: ಪ್ರೋಟೀನು ನಿಜ, ನಡೆಯೋದೂ ನಿಜ, ಆ ಗತ್ತು ಮಾತ್ರ ಗ್ರಾಫಿಕ್ಸು ಕಣಮ್ಮ. ಅದರ ಹೆಸರು ಕೈನೆಸಿನ್, 1985ರಲ್ಲಿ ರಾನ್ ವೇಲ್, ಮೈಕೆಲ್ ಶೀಟ್ಜ್, ಥಾಮಸ್ ರೀಸ್ ಈ ವಿಜ್ಞಾನಿಗಳೆಲ್ಲ ಸೇರಿ ಸಮುದ್ರಜೀವಿ ಸ್ಕ್ವಿಡ್‌ನ ನರಗಳಲ್ಲಿ ಕಂಡುಹಿಡಿದದ್ದು. ಕೊಳವೆ ಅಂದ್ಯಲ್ಲ, ಅದು ಮೈಕ್ರೊಟ್ಯೂಬ್ಯೂಲ್, ಜೀವಕೋಶದೊಳಗಿನ ಪ್ರೋಟೀನಿನ ಕೊಳವೆ, ದಪ್ಪ ಬರೀ 25 ನ್ಯಾನೋಮೀಟರ್. ಕೈನೆಸಿನ್ ಒಂದು ಹೆಜ್ಜೆ ಇಟ್ರೆ 8 ನ್ಯಾನೋಮೀಟರ್ ಮುಂದೆ, ಒಂದು ಹೆಜ್ಜೆಗೆ ಒಂದು ಎಟಿಪಿ (ಜೀವಕೋಶದ ಇಂಧನದ ಅಣು) ಖರ್ಚು, ಸೆಕೆಂಡಿಗೆ ಸುಮಾರು 100 ಹೆಜ್ಜೆ.

ಈಗ ವಿಡಿಯೋದಲ್ಲಿ ತೋರಿಸ್ದೇ ಇರೋದು ಹೇಳ್ತೀನಿ. ಜೀವಕೋಶದ ಒಳಗೆ ಖಾಲಿ ಜಾಗ ಅಂತ ಇಲ್ಲ, ನೀರಿನ ಅಣುಗಳು ಎಲ್ಲಾ ಕಡೆಯಿಂದ ಬಡೀತಾನೇ ಇರ್ತವೆ, ಅಷ್ಟು ಸಣ್ಣ ವಸ್ತುವಿಗೆ ಆ ಏಟು ತಡ್ಕೊಂಡು ನೆಟ್ಟಗೆ ನಿಲ್ಲೋಕೂ ಆಗಲ್ಲ. ಜಾತ್ರೆ ನೂಕುನುಗ್ಗಲಲ್ಲಿ ಒಂದು ಕೈಲಿ ತೇರಿನ ಹಗ್ಗ ಗಟ್ಟಿಯಾಗಿ ಹಿಡ್ಕೊಂಡಿದೀಯ, ಇನ್ನೊಂದು ಕೈಯನ್ನ ಜನ ಎಲ್ಲೆಲ್ಲಿಗೋ ತಳ್ತಿದಾರೆ, ಅದು ಹಗ್ಗದ ಮುಂದಿನ ಭಾಗಕ್ಕೆ ತಾಗಿದ ತಕ್ಷಣ ಹಿಡ್ಕೊಂಡ್ಬಿಡ್ತೀಯ — ಕೈನೆಸಿನ್ ಕತೆಯೂ ಹೆಚ್ಚುಕಮ್ಮಿ ಇಷ್ಟೇ. ಅಂಟಿಕೊಂಡಿರೋ ಕಾಲಿಗೆ ಎಟಿಪಿ ಬಂದು ಕೂತಾಗ ಅದರ ಕತ್ತಿನ ಹತ್ರ ಇರೋ ಒಂದು ಸಣ್ಣ ಎಳೆ ಮುಂದಕ್ಕೆ ಮಡಚಿ ಕೂರುತ್ತೆ, ಹಿಂದಿನ ಕಾಲು ಮುಂದಿನ ಕಡೆಗೆ ವಾಲುತ್ತೆ, ಆಮೇಲೆ ಮುಂದಿನ ಜಾಗ ಹುಡುಕೋದು ಆ ನೂಕಾಟದಿಂದಲೇ. ಅಂದ್ರೆ ಎಟಿಪಿ ಮಾಡೋದು ಮುಖ್ಯವಾಗಿ ದಿಕ್ಕು ಕೊಡೋ ಕೆಲಸ, ಜೊತೆಗೆ ಹಿಂದಕ್ಕೆ ಜಾರದ ಹಾಗೆ ನೋಡ್ಕೊಳ್ಳೋದು. ನನಗಂತೂ ವಿಡಿಯೋಗಿಂತ ಈ ಅಸಲಿ ಗಲಾಟೆಯೇ ಜಾಸ್ತಿ ಇಷ್ಟ.

ಪ್ರಶ್ನೆ: ಅಷ್ಟು ಸಣ್ಣದು ಕಾಲು ಎತ್ತಿಡುತ್ತೆ ಅಂತ ಹೇಗೆ ಗೊತ್ತಾಯ್ತು? ತೆವಳ್ತಾ ಇರಬಹುದಲ್ವಾ?
— ನಿವೃತ್ತ ಶಿಕ್ಷಕರು, ದಾವಣಗೆರೆ

ಉತ್ತರ: ಮೇಷ್ಟ್ರೇ, ಇದೇ ಅನುಮಾನ ವಿಜ್ಞಾನಿಗಳಿಗೂ ಬಹಳ ದಿನ ಇತ್ತು. ಕಂಬಳಿಹುಳದ ಥರ ಒಂದು ಕಾಲು ಯಾವಾಗ್ಲೂ ಮುಂದೆ, ಇನ್ನೊಂದು ಹಿಂದಿಂದ ಜರುಗೋದು ಅಂತಲೂ ಒಂದು ವಾದ ಇತ್ತು. 2004ರಲ್ಲಿ ಅಹ್ಮತ್ ಯಿಲ್ಡಿಜ್, ಪಾಲ್ ಸೆಲ್ವಿನ್ ಮತ್ತು ಜೊತೆಗಾರರು ಒಂದೇ ಒಂದು ಕಾಲಿಗೆ ಹೊಳೆಯೋ ಬಣ್ಣದ ಅಣು ಅಂಟಿಸಿ ಮೈಕ್ರೋಸ್ಕೋಪಲ್ಲಿ ಕಾದು ಕೂತ್ರು. ಲೆಕ್ಕ ನೀವೇ ಹಾಕಿ: ತೆವಳೋದಾದ್ರೆ ಆ ಚುಕ್ಕಿ ಪ್ರತಿಸಲ 8 ನ್ಯಾನೋಮೀಟರ್ ಜರುಗಬೇಕು, ನಡೆಯೋದಾದ್ರೆ ಒಂದ್ಸಲ 16, ಮುಂದಿನ ಸಲ ಸೊನ್ನೆ (ಯಾಕಂದ್ರೆ ಆಗ ಎತ್ತಿಡೋ ಸರದಿ ಇನ್ನೊಂದು ಕಾಲಿನದ್ದು), ಮತ್ತೆ 16. ಕಂಡಿದ್ದು ಸುಮಾರು 17, ಅಲ್ಲಿಗೆ ತೆವಳೋ ವಾದ ಮುಗೀತು. ಸ್ನಾಯುಗಳ ಮಯೋಸಿನ್ ಕುಟುಂಬದ ಒಂದು ಪ್ರೋಟೀನು, ಮಯೋಸಿನ್ 5, ಆಕ್ಟಿನ್ ಅನ್ನೋ ಇನ್ನೊಂದು ಪ್ರೋಟೀನಿನ ಎಳೆ ಮೇಲೆ ಇದೇ ಥರ ನಡೆಯುತ್ತೆ, ಅದರ ಹೆಜ್ಜೆ ಮಾತ್ರ 36 ನ್ಯಾನೋಮೀಟರ್, ಭಾರಿ ದಾಪುಗಾಲು.

ಪ್ರಶ್ನೆ: ಇದೆಲ್ಲ ನಮ್ಮ ಮೈಯಲ್ಲಿ ಏನು ಕೆಲಸಕ್ಕೆ ಬರುತ್ತೆ?
— ಓದುಗರೊಬ್ಬರು, ಶಿರಸಿ

ಉತ್ತರ: ನಿಮ್ಮ ಸೊಂಟದಿಂದ ಪಾದದವರೆಗೆ ಹೋಗೋ ನರಕೋಶದ ತಂತು ಒಂದು ಮೀಟರ್ ಹತ್ರ ಉದ್ದ, ಅದರ ಸರಕೆಲ್ಲ ತಯಾರಾಗೋದು ಬಹುಪಾಲು ಮೇಲಿನ ತುದೀಲಿ. ಅದು ಸುಮ್ನೆ ತೇಲ್ಕೊಂಡು ಪಾದಕ್ಕೆ ಹೋಗಲಿ ಅಂತ ಬಿಟ್ರೆ ಸಾವಿರಾರು ವರ್ಷ ಬೇಕು! ಕೈನೆಸಿನ್‌ಗಳು ದಿನಕ್ಕೆ 20ರಿಂದ 40 ಸೆಂಟಿಮೀಟರ್ ಸಾಗಿಸ್ತವೆ. ಒಂದೊಂದೂ ಸುಮಾರು ನೂರು ಹೆಜ್ಜೆ ಇಟ್ಟು ಕಳಚಿ ಬೀಳುತ್ತೆ, ಅದಕ್ಕೇ ಒಂದು ಚೀಲಕ್ಕೆ ಇಂಥ ಹಲವು ಮೋಟಾರುಗಳು (ಸರಕು ಎಳೆಯೋ ಪ್ರೋಟೀನುಗಳು) ಅಂಟಿಕೊಂಡಿರೋದು. ವಿಜ್ಞಾನಿ ಸಂಧ್ಯಾ ಕೌಶಿಕ ಅವರು ಮೊದಲು ಬೆಂಗಳೂರಿನ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್‌ನಲ್ಲಿ, ಆಮೇಲೆ ಮುಂಬೈನ ಇನ್ನೊಂದು ಸಂಸ್ಥೆ ಟಿಐಎಫ್‌ಆರ್‌ನಲ್ಲಿ ಈ ಸಾಗಣೆಯನ್ನೇ ಒಂದು ಮಿಲಿಮೀಟರಿನ ಪಾರದರ್ಶಕ ಹುಳದಲ್ಲಿ ಅಧ್ಯಯನ ಮಾಡಿದಾರೆ, ಹುಳ ಬದುಕಿರೋವಾಗ್ಲೇ ನರದೊಳಗೆ ಸರಕು ಓಡೋದು ಕಾಣುತ್ತೆ.

ವಾಪಸ್ ಬರೋ ದಾರಿಗೆ ಬೇರೆ ಮೋಟಾರು, ಡೈನೀನ್. ಬಳಸಿದ ಸಾಮಾನು, ತುದಿಯ ಸುದ್ದಿ ಎಲ್ಲ ಅದೇ ತರುತ್ತೆ. ರೇಬೀಸ್ ವೈರಸ್ ಕೂಡ ನಾಯಿ ಕಚ್ಚಿದ ಜಾಗದಿಂದ ನರದೊಳಗೆ ಹೊಕ್ಕು ಈ ವಾಪಸ್ ಗಾಡಿ ಹಿಡ್ಕೊಂಡೇ ಮೇಲಕ್ಕೆ ಹೋಗೋದು. ಅದು ಮಿದುಳು ಮುಟ್ಟೋಕೆ ಸಾಮಾನ್ಯವಾಗಿ ಕೆಲವು ವಾರಗಳಿಂದ ಕೆಲವು ತಿಂಗಳು ಬೇಕು, ಕಚ್ಚಿದ ಮೇಲೆ ಕೊಟ್ಟ ಲಸಿಕೆ ಕೆಲಸ ಮಾಡೋದು ಆ ಗ್ಯಾಪಲ್ಲೇ. ಮುಖಕ್ಕೆ, ಕತ್ತಿಗೆ ಕಚ್ಚಿದ್ರೆ ದಾರಿ ಗಿಡ್ಡ, ಆದ್ರೆ ಪಾದಕ್ಕೆ ಕಚ್ಚಿದೆ, ಟೈಮಿದೆ ಅಂತ ನಾಳೆಗೆ ಹಾಕ್ಬೇಡಿ, ಗಾಯ ಸೋಪು ಹಾಕಿ ಹದಿನೈದು ನಿಮಿಷ ಚೆನ್ನಾಗಿ ತೊಳ್ದು ಅವತ್ತೇ ಆಸ್ಪತ್ರೆಗೆ ಹೋಗಿ.